ದೋಣಿಯ ಹಿಂದೆ ಎರಡು ಎತ್ತು

ಹೋದ ತಿಂಗಳು ನನ್ನ ತಂಗಿಯ ಮಗ ಶಿವರಾಜನ ಕಾಗದ ಬಂತು. ಅವನು ಮೀನು ಸಾಕಣೆಯ ಸರ್ಕಾರಿ ಕೆಲಸದಲ್ಲಿದ್ದಾನೆ. ಕಾಗದದಲ್ಲಿ ಕ್ಷೇಮ ಸಮಾಚಾರ ಎರಡು ಸಾಲು, ಮಿಕ್ಕಿದ್ದೆಲ್ಲ ಒಂದೇ ಪ್ರಶ್ನೆ. ಜಹೀರಾಬಾದಿಗೆ ಬಂದಿಳಿಯುವ ಒಂದು ದೋಣಿಯನ್ನು ಮಾಂಜ್ರಾ ಹೊಳೆಯವರೆಗೆ ರಸ್ತೆಯ ಮೇಲೆ ಎಳೆಸಿಕೊಂಡು ಹೋಗಬೇಕಂತೆ. ಕಚೇರಿಯ ಜೀಪು ಇದೆ, ಬಾಡಿಗೆಗೆ ಟ್ರ್ಯಾಕ್ಟರು ಸಿಗುತ್ತದೆ, ಪರಿಚಯದವರ ಲಾರಿಯೂ ಉಂಟು. 'ಯಾವುದು ಸುರಕ್ಷಿತ ಮಾಮಾ? ನಿಜಾಮರ ಕಾಲದಲ್ಲೇ ಅದೇ ದಾರಿಯಲ್ಲಿ ದೋಣಿ ತಂದವರು ನೀವು. ನಿಮ್ಮನ್ನು ಬಿಟ್ಟು ಇನ್ನಾರನ್ನು ಕೇಳಲಿ?' ಎಂದು ಬರೆದಿದ್ದ.

ಎದೆ ಉಬ್ಬಿತು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದೆ. ಅಷ್ಟಕ್ಕೆ ತೃಪ್ತಿಯಾಗದೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದ ಹೆಂಡತಿಗೂ ಓದಿ ಹೇಳಿದೆ.

"ಸೈಕಲ್ಲಿಗಿ ಗಾಳಿ ಹೊಡಿಲಾಕ ಮಂದೀನ ಕರೀತೀರಿ. ದೋಣಿ ಯಾವಾಗ ತಂದ್ರಿ?" ಎಂದಳು, ತಲೆ ಎತ್ತದೆ.

"ನನ್ನ ಹತ್ತಿರ ಬರೆದಿಟ್ಟದ್ದು ಇದೆ," ಎಂದು ಎದ್ದೆ.

ನಿಜವಾಗಿಯೂ ಇದೆ. ನಾನು ಹದಿನೆಂಟನೆಯ ವಯಸ್ಸಿನಿಂದ ಡೈರಿ ಬರೆಯುವವನು. ಹೈದರಾಬಾದಿನಲ್ಲಿ ಕಾಲೇಜು ಓದುವಾಗ ಹತ್ತಿದ ಚಟ. ಆಗ ನಮಗೆ ಪಾಠವೆಲ್ಲ ಉರ್ದುವಿನಲ್ಲಿ. ಗಣಿತ, ಪದಾರ್ಥ ವಿಜ್ಞಾನವನ್ನೂ ಉರ್ದುವಿನಲ್ಲೇ ಕಲಿತೆ. ಹಾಗಾಗಿ ಡೈರಿಯೂ ಉರ್ದುವಿನಲ್ಲೇ. ಮನೆಯಲ್ಲಿ ಅದನ್ನು ಓದಬಲ್ಲವರು ಯಾರೂ ಇರಲಿಲ್ಲ ಎಂಬುದು ಅದರ ಒಂದು ಅನುಕೂಲ. ಆ ಅನುಕೂಲವನ್ನು ನಾನು ಎಷ್ಟು ಬಳಸಿಕೊಂಡೆ ಎಂಬುದು ಹೋದ ತಿಂಗಳು ಟ್ರಂಕು ತೆಗೆದಾಗಲೇ ನನಗೆ ಗೊತ್ತಾದದ್ದು.

ರಟ್ಟು ಬಿಟ್ಟುಹೋಗಿದ್ದ ಆ ಪುಸ್ತಕದಲ್ಲಿ ಮೃಗಶಿರ ಮಳೆಯ ದಿನಗಳ ಒಂದು ಪುಟ. ನೀಲಿ ಶಾಯಿ ಕಂದಾಗಿದೆ. 'ಮೇರೆ ಮಶ್ವರೇ ಪರ್' ಎಂದು ಸಾಲು ಶುರುವಾಗುತ್ತದೆ. ಎಂದರೆ, 'ನನ್ನ ಸಲಹೆಯ ಮೇರೆಗೆ ಗಾಡಿಯನ್ನು ಆರಿಸಲಾಯಿತು. ದೋಣಿ ಸುರಕ್ಷಿತವಾಗಿ ಹೊಳೆ ಸೇರಿತು.' ಕೆಳಗೆ ಸಹಿ ಬೇರೆ. ಸ್ವಂತ ಡೈರಿಗೆ ಸಹಿ ಹಾಕುವ ಮನುಷ್ಯನನ್ನು ನಂಬಬಾರದು ಎಂದು ಈಗ ನನಗೆ ಅನ್ನಿಸುತ್ತದೆ.

ನೆನಪನ್ನು ನಂಬಬೇಡ, ಬರೆದಿಟ್ಟದ್ದನ್ನು ನಂಬು ಎಂದು ಜೀವಮಾನವಿಡೀ ಬೇರೆಯವರಿಗೆ ಹೇಳುತ್ತ ಬಂದವನು ನಾನು. ಆದರೆ ನೆನಪು ಸುಳ್ಳು ಹೇಳುವಾಗ ಪಾಪ, ಅದಕ್ಕೇ ಅದು ಗೊತ್ತಿರುವುದಿಲ್ಲ. ಡೈರಿ ಸುಳ್ಳು ಹೇಳುವಾಗ ಮಾತ್ರ ಪೆನ್ನು ಹಿಡಿದವನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಹಾಗಾದರೆ ಏನಾಯಿತು? ನೆನಪಿರುವಷ್ಟು ಹೇಳುತ್ತೇನೆ. ಎಲ್ಲಿ ನನ್ನ ನೆನಪು ಗಟ್ಟಿಯಿಲ್ಲವೋ ಅಲ್ಲಿ ತಂಗಿ ಗಂಗವ್ವನನ್ನು ಕೇಳಿದ್ದೇನೆ. ಆಕೆ ಆ ದಿನ ಅಲ್ಲಿ ಇರಲೇ ಇಲ್ಲ. ಆದರೂ ಆಕೆಗೆ ನನಗಿಂತ ಚೆನ್ನಾಗಿ ನೆನಪಿದೆ, ಅವ್ವ ಹೇಳಿದ್ದನ್ನು ಆಕೆ ಕಿವಿಗೊಟ್ಟು ಕೇಳಿದ್ದಳು. ಅಲ್ಲೇ ಇದ್ದ ನಾನು ನನ್ನನ್ನೇ ನೋಡಿಕೊಳ್ಳುತ್ತಿದ್ದೆ.

ನಮ್ಮ ಊರು ಮಾಂಜ್ರಾದ ಈಚೆ, ಜಹೀರಾಬಾದಿನ ಕಡೆ. ಗಂಗವ್ವನನ್ನು ಕೊಟ್ಟದ್ದು ಹೊಳೆಯ ಆಚೆ, ನಾರಾಯಣಖೇಡದ ಕಡೆ. ಬೇಸಿಗೆಯಲ್ಲಿ ಹೊಳೆ ಎಂಬುದು ಮರಳಿನ ನಡುವೆ ಒಂದು ನೀರಿನ ಗೆರೆ. ಸೀರೆ ನಿರಿಗೆ ಎತ್ತಿಕೊಂಡು ದಾಟಬಹುದು. ಮಳೆ ಹಿಡಿಯಿತೆಂದರೆ ತಾಯಿ ಮಗಳ ನಡುವೆ ಮೂರು ತಿಂಗಳು ಕೆಂಪು ನೀರು. ಎರಡು ದಡದ ಊರುಗಳಿಗೂ ಸೇರಿ ಒಂದು ಹಳೆಯ ದೋಣಿ ಇತ್ತು. ಹಿಂದಿನ ವರ್ಷದ ಮಹಾಪೂರದಲ್ಲಿ ಅದು ಬಂಡೆಗೆ ಬಡಿದು ಸೀಳಿಹೋಯಿತು. ಉಳಿದದ್ದು ಚರ್ಮದ ಹರಿಗೋಲು. ನೀರು ಏರಿದಾಗ ಅದು ಗಿರಗಿರನೆ ತಿರುಗುತ್ತ ಎತ್ತಲೋ ಹೋಗಿ ಎಲ್ಲೋ ಹತ್ತುತ್ತಿತ್ತು.

ಆ ವರ್ಷ ಗಂಗವ್ವ ಮೊದಲ ಬಸುರಿ. ಏಳನೆಯ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿ ತವರಿಗೆ ಕರೆತರುವುದು ನಮ್ಮಲ್ಲಿ ಪದ್ಧತಿ. ಅದಕ್ಕೆ ಮುಂಚೆ ಕಳಿಸಲು ಆಕೆಯ ಅತ್ತೆ ಒಪ್ಪಲಿಲ್ಲ. ಏಳು ತುಂಬುವ ಹೊತ್ತಿಗೆ ಮೃಗಶಿರ ಮಳೆ ಬಂದೇ ಬರುತ್ತದೆ. ಬಸುರಿ ಹೆಂಗಸನ್ನು ಹರಿಗೋಲಿನಲ್ಲಿ ಕೂರಿಸುವಂತಿಲ್ಲ. ಸುತ್ತಿ ಬರುವ ದಾರಿಯಲ್ಲಿ ಬಂಡಿಯ ಕುಲುಕಾಟ ಎರಡು ಮೂರು ದಿನ. ಅವ್ವನ ಸ್ವಂತ ತಂಗಿ ಹೀಗೇ ಹೊಳೆಯಾಚೆ ಮೊದಲ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಈಚೆ ದಡದಲ್ಲಿ ಸೂಲಗಿತ್ತಿ ನೀರು ನೋಡುತ್ತ ಕುಳಿತಿದ್ದಳಂತೆ. ಅವ್ವ ಈ ಮಾತನ್ನು ಎಂದೂ ಆಡುತ್ತಿರಲಿಲ್ಲ. ಆಡದಿದ್ದರೂ ಮನೆಯವರಿಗೆಲ್ಲ ಕೇಳಿಸುತ್ತಿತ್ತು.

ಹೊಸ ದೋಣಿಯನ್ನು ಕೃಷ್ಣಾ ಕಡೆಯ ಬಡಗಿಗಳಿಂದ ಮಾಡಿಸುವುದೆಂದು ಎರಡು ದಡದ ಹಿರಿಯರು ಸೇರಿ ನಿಶ್ಚಯಿಸಿದರು. ತರುವ ಹೊಣೆಯನ್ನು ಅಪ್ಪ ಹೊತ್ತ. ದೋಣಿ ರೈಲಿನಲ್ಲಿ ತಾಂಡೂರಿಗೆ ಬಂತು. ಅಲ್ಲಿ ನಮ್ಮ ಸೋದರಮಾವ ಕಲ್ಲಿನ ಖಣಿಯೊಂದರಲ್ಲಿ ಗುಮಾಸ್ತ. ಅವನು ಜಾಣ. ದೋಣಿಯ ಜೊತೆಗೆ ಚಪ್ಪಡಿ ಕಲ್ಲು ಸಾಗಿಸುವ ಎರಡು ಗಾಲಿಯ ಉದ್ದನೆಯ ಗಾಡಿಯನ್ನೂ ರೈಲಿಗೆ ಹಾಕಿಸಿ ಜಹೀರಾಬಾದಿಗೆ ಕಳಿಸಿದ. 'ಗಾಲಿ ಕೊಟ್ಟೀನಿ, ಎಳಿಯೋದೇನು ಕಟ್ತೀರೋ ನಿಮ್ಮ ಶಾಣ್ಯಾತನ' ಎಂದು ಚೀಟಿ ಬರೆದಿದ್ದ.

ಆ ಶಾಣ್ಯಾತನ ಮನೆಯಲ್ಲಿ ಯಾರಿಗಿತ್ತೆಂದು ನೀವೇ ಊಹಿಸಿ. ನಾನು ರಜೆಗೆ ಊರಿಗೆ ಬಂದಿದ್ದೆ. ಮೈಮೇಲೆ ಶೇರ್ವಾನಿ, ಜೇಬಿನಲ್ಲಿ ಮಸಿ ಸೋರುವ ಪೆನ್ನು, ತಲೆಯಲ್ಲಿ ಬಲ ಮತ್ತು ಚಲನೆಯ ಪಾಠ. "ಇದಕ್ಕ ಕುವ್ವತ್ ಬೇಕಪ್ಪಾ," ಎಂದೆ. ಕುವ್ವತ್ ಎಂದರೆ ಬಲ. ಬಲಕ್ಕೆ ಕನ್ನಡದಲ್ಲಿ ಬಲ ಎನ್ನುತ್ತಾರೆಂಬುದು ನನಗೆ ಆಗ ಮರೆತಿತ್ತು, ಅಥವಾ ಮರೆತಂತೆ ಇರುವುದು ಚೆನ್ನಾಗಿ ಕಾಣುತ್ತಿತ್ತು.

ಅಪ್ಪ, ಅವ್ವ, ನಾನು ಅಪ್ಪನ ಎತ್ತಿನ ಬಂಡಿಯಲ್ಲಿ ಜಹೀರಾಬಾದಿಗೆ ಬಂದೆವು. ಅವ್ವ ಬಂದದ್ದು ದೋಣಿಗಲ್ಲ, ಕುಬಸಕ್ಕೆ ರವಿಕೆಯ ಖಣ ಕೊಳ್ಳಲು. ಸ್ಟೇಷನ್ನಿನ ಅಂಗಳದಲ್ಲಿ ಊರಿಗೆ ಊರೇ ನೆರೆದಿತ್ತು. ಗುಡ್ಡದ ಮೇಲಿನ ಆ ಒಣ ಊರಿನಲ್ಲಿ ದೋಣಿ ಕಂಡವರು ಕಡಿಮೆ. ಕೆಲವರು ಮುಟ್ಟಿ ನೋಡಿದರು, ಕೆಲವರು ಹೊಸ ಎಮ್ಮೆಯನ್ನು ನೋಡುವಂತೆ ಸುತ್ತ ತಿರುಗಿ ನೋಡಿದರು. ಒಬ್ಬ ಮುದುಕಿ ಮೂತಿಗೆ ಕುಂಕುಮ ಹಚ್ಚಿ ಕೈ ಮುಗಿದಳು. "ಇಷ್ಟು ದೊಡ್ಡ ದೋಣಿಗೆ ನಮ್ಮ ಬಾವ್ಯಾಗ ಜಾಗ ಎಲ್ಲದ?" ಎಂದು ಯಾರೋ ಅಂದರು, ನಕ್ಕವರಿಗಿಂತ ಹೌದೆಂದು ತಲೆಯಾಡಿಸಿದವರೇ ಹೆಚ್ಚು.

ನಾನು ಆರಿಸಿದ್ದು ಲಾರಿ. ಅದು ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಲಾರಿಯ ಬೆನ್ನಿಗೆ ಒಂದು ಉರುಟು ಒಲೆ ಕಟ್ಟಿ, ಇದ್ದಿಲು ಸುಟ್ಟು, ಅದರ ಹೊಗೆಯಿಂದ ಓಡಿಸುತ್ತಿದ್ದರು. ಊರಿಗಿದ್ದ ಅಂಥ ಒಂದೇ ಲಾರಿಯ ಸಾರಥಿ ಖಾಜಾ ಮಿಯಾ. ಗಡ್ಡಕ್ಕೆ ಮದರಂಗಿ, ಮೈಗೆಲ್ಲ ಇದ್ದಿಲ ಮಸಿ. ನನ್ನ ಉರ್ದು ಕೇಳಿ ಅವನು ಗೌರವದಿಂದ ಮೂರು ಸಲ ಸಲಾಮು ಹೊಡೆದ. ನಾಲ್ಕನೆಯ ಸಲ ಕನ್ನಡದಲ್ಲಿ ಕೇಳಿದ, "ಸಾಬ್, ಈಗ ಏನಂದ್ರಿ?"

ದೋಣಿ ಲಾರಿಗಿಂತ ಉದ್ದ. ಒಳಗೆ ಹಿಡಿಸುವಂತಿರಲಿಲ್ಲ. ಅದಕ್ಕೆ ಚಪ್ಪಡಿ ಗಾಡಿಯ ಮೇಲೆ ದೋಣಿ ಇಟ್ಟು, ಗಾಡಿಗೆ ನೊಗ ಕಟ್ಟುವ ಉದ್ದನೆಯ ಮೂಕಿಮರವನ್ನು ಲಾರಿಯ ಹಿಂಬದಿಗೆ ಕಟ್ಟಿ ಎಳೆಸುವುದೆಂದು ನಾನು ಹೇಳಿದೆ. ದೋಣಿಯ ಮೂತಿ ಮುಂದಕ್ಕೇ ಇರಬೇಕೆಂದೂ ಹೇಳಿದೆ. ದೋಣಿಗೆ ಒಂದು ಮರ್ಯಾದೆ ಬೇಡವೇ? ನೀರಿನಲ್ಲಿ ಹೇಗೆ ಹೋಗುತ್ತದೋ ನೆಲದ ಮೇಲೂ ಹಾಗೆ. ಆದರೆ ದೋಣಿಯ ಭಾರವೆಲ್ಲ ಅದರ ಹಿಂಭಾಗದಲ್ಲಿ. ಅಲ್ಲಿ ಹಲಗೆ ಎರಡು ಪಟ್ಟು, ಮೇಲೆ ಕಬ್ಬಿಣದ ಪಟ್ಟಿ. ಆ ಭಾರ ಗಾಲಿಗಳಿಂದ ಹಿಂದಕ್ಕೆ ಜೋತುಬಿತ್ತು. ಮೂಕಿಮರ ಮುಗಿಲು ನೋಡತೊಡಗಿತು. ಖಾಜಾ ಮಿಯಾ ಅದನ್ನು ಎಳೆದು ಹಗ್ಗದಿಂದ ಕಟ್ಟಿದ. "ಸಾಬ್, ಇದು ನನ್ನ ಗಾಡೀನ ಬಾಲ ಹಿಡಿದು ಎತ್ತಲಾಕತ್ತದ," ಎಂದ. ನಾನು ಕೇಳಿಸಿಕೊಳ್ಳಲಿಲ್ಲ. ಕೇಳಿಸಿತು, ಆದರೆ ಅವನು ಅದನ್ನು ಕನ್ನಡದಲ್ಲಿ ಹೇಳಿದ್ದ.

ಲಾರಿ ಹೊಗೆ ಬಿಡುತ್ತ ಹೊರಟಿತು. ಬಜಾರಿನ ತಿರುವಿನವರೆಗೆ ನನ್ನ ಹೆಮ್ಮೆಗೆ ಮೇರೆಯಿರಲಿಲ್ಲ. ತಿರುವಿನಲ್ಲಿ ಖಾಜಾ ಎಡಕ್ಕೆ ಹೊರಳಿಸಿದ. ದೋಣಿ ಹೊರಳಲು ಒಪ್ಪಲಿಲ್ಲ. ಹಿಂದಿನ ಭಾರ ಬಾಲದಂತೆ ಬಲಕ್ಕೊಮ್ಮೆ ಬೀಸಿತು, ಎಡಕ್ಕೊಮ್ಮೆ ಬೀಸಿತು. ಮೂರನೆಯ ಬೀಸಿಗೆ ಚಹದ ಹೋಟೆಲಿನ ಬೆಂಚು ಬಿತ್ತು, ಬೆಂಚಿನೊಂದಿಗೆ ಹಾಲಿನ ಪಾತ್ರೆ ಬಿತ್ತು. ಬೀದಿಯಲ್ಲಿ ಬೆಳ್ಳಗೆ ಹಾಲಿನ ಹೊಳೆ ಹರಿಯಿತು. "ಬಿಡ್ರಿ, ದೋಣಿ ನೀರಿಗಿ ಮುಟ್ಟಿತು!" ಎಂದು ಹೋಟೆಲಿನೊಳಗಿಂದ ಒಬ್ಬ ಕೂಗಿದ. ನಮ್ಮ ಊರಿನವರು ಆ ಮಾತನ್ನು ಹತ್ತು ವರ್ಷ ಬಿಡಲಿಲ್ಲ.

ದೋಣಿಯ ಬಲಮೈಗೆ ಮೊಳದುದ್ದ ಒಂದು ಗೀರು ಬಿತ್ತು. ಅಷ್ಟೇ, ಹಲಗೆ ಸೀಳಲಿಲ್ಲ.

ಖಣದ ಗಂಟು ಬಗಲಲ್ಲಿಟ್ಟುಕೊಂಡು ಅವ್ವ ಅಂಗಡಿಯಿಂದ ಬಂದದ್ದು ಆಗಲೇ. ಆ ಗೀರಿನ ಮೇಲೆ ಬೆರಳಾಡಿಸಿ ನೋಡಿದಳು. ನೇರವಾಗಿ ಖಾಜಾ ಮಿಯಾನ ಹತ್ತಿರ ಹೋದಳು.

"ತಮ್ಮಾ, ನಿನ್ನ ಗಾಡಿ ಎಳಿತದ, ಖರೆ. ಇಳಕಲದಾಗ ನಿಲ್ತದೇನು?"

ಖಾಜಾ ಗಡ್ಡ ಕೆರೆದುಕೊಂಡ. "ಖಾಲಿ ಇದ್ರ ನಿಲ್ತದ ಅಮ್ಮಾ. ಹಿಂದ ಇಷ್ಟು ಭಾರ ತಳ್ಳಿದ್ರ ಅಲ್ಲಾ ಮಾಲೀಕ್."

"ಎಷ್ಟು ಸಲ ಇಳಿದೀ ಆ ದಾರೀಲಿ?"

"ಮಳಿಗಾಲದಾಗ? ಒಮ್ಮೀನೂ ಇಲ್ಲಮ್ಮಾ. ನನಗ ಐದು ಮಕ್ಕಳವ."

"ಛಲೋ ಹೇಳ್ದಿ," ಎಂದಳು ಅವ್ವ. "ನಿನಗ ಪುಣ್ಯ ಬರ್ಲಿ."

ಇಷ್ಟು ದಿನ ನಾವೆಲ್ಲ ಕೇಳಿದ್ದು ಒಂದೇ, ಯಾವುದು ಎಳೆಯುತ್ತದೆ? ಯಾವುದು ನಿಲ್ಲುತ್ತದೆ ಎಂದು ಕೇಳಿದವರು ಒಬ್ಬರೂ ಇರಲಿಲ್ಲ. ಜಹೀರಾಬಾದು ಎತ್ತರದ ಕೆಂಪು ನೆಲ. ಹೊಳೆ ಕೆಳಗೆ ಎರೆ ನೆಲದಲ್ಲಿ. ನಡುವೆ ಜಂಬಿಟ್ಟಿಗೆಯ ಇಳಿಜಾರು, ಮಳೆಯಲ್ಲಿ ಸಾಬೂನಿನಂತೆ ಜಾರುತ್ತದೆ. ಅವ್ವ ಆ ದಾರಿಯಲ್ಲಿ ಮಗಳ ಮನೆಗೆ ನಡೆದವಳು, ತಲೆಯ ಮೇಲೆ ಬುತ್ತಿ ಹೊತ್ತು ಇಳಿದವಳು. ನಾನು ಅದನ್ನು ಭೂಗೋಳದ ಪುಸ್ತಕದಲ್ಲಿ ಓದಿದವನು.

ಈಗ ಅಪ್ಪ ಮುಂದೆ ಬಂದ. ಅವನಿಗೆ ದೇವಣಿ ತಳಿಯ ಒಂದು ಜೋಡಿ ಎತ್ತು ಇದ್ದವು. ಮೈಮೇಲೆ ಕರಿ ಬಿಳಿ ಮಚ್ಚೆ, ಕೊರಳಿಗೆ ಹಿತ್ತಾಳೆ ಗಂಟೆ. ಮಕ್ಕಳ ಹೆಸರು ತಪ್ಪಿದರೂ ಆ ಎತ್ತುಗಳ ಹೆಸರು ಅವನ ಬಾಯಲ್ಲಿ ತಪ್ಪುತ್ತಿರಲಿಲ್ಲ.

"ನಮ್ಮ ಜೋಡಿ ಇರೋತನ ಲಾರಿ ಯಾಕ ಬೇಕು?" ಎಂದ.

"ಅವು ಓಡ್ಲಾಕ ಛಲೋ," ಎಂದಳು ಅವ್ವ. "ಹಿಂದಿಂದ ಭಾರ ನೂಕಿದ್ರ ಇನ್ನೂ ಓಡ್ತಾವ. ನಮ್ಮೂರಾಗ ಹಿಂದಕ್ಕ ನಡಿಲಾಕ ಬರೋ ಎತ್ತು ಯಾವ್ದದ, ಹೇಳ್ರಿ ನೋಡೋಣು."

ಅಪ್ಪ ನನ್ನ ಮುಖ ನೋಡಿದ. ನಾನು ಮುಗಿಲು ನೋಡಿದೆ. ಮುಗಿಲಲ್ಲಿ ಮೋಡ ಕಟ್ಟುತ್ತಿತ್ತು.

"ತಿಪ್ಪಣ್ಣನ ಮೋಟದ ಎತ್ತು," ಎಂದಳು ಅವ್ವ.

ಈಗಿನವರಿಗೆ ಮೋಟ ಎಂದರೆ ಹೇಳಬೇಕಾಗುತ್ತದೆ. ದೊಡ್ಡ ಚರ್ಮದ ಚೀಲವನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಇಳಿಸುತ್ತಿದ್ದರು. ಬಾವಿಗೆ ಬೆನ್ನು ಮಾಡಿ ನಿಂತ ಎತ್ತುಗಳು ಮುಂದಕ್ಕೆ ನಡೆದರೆ ಚೀಲ ತುಂಬಿ ಮೇಲೆ ಬರುತ್ತಿತ್ತು. ನೀರು ಕಾಲುವೆಗೆ ಸುರಿದ ಮೇಲೆ ಅವೇ ಎತ್ತುಗಳು ಹಿಂದು ಹಿಂದಕ್ಕೆ ಹೆಜ್ಜೆಯಿಟ್ಟು ಬಾವಿಯ ಬಾಯಿಗೆ ಬರಬೇಕು, ಆಗ ಚೀಲ ಮೆಲ್ಲಗೆ ಕೆಳಗಿಳಿಯುತ್ತದೆ. ದಿನಕ್ಕೆ ನೂರಾರು ಸಲ. ನಾನು ಚಿಕ್ಕಂದಿನಿಂದ ಅದನ್ನು ನೋಡುತ್ತ, ಆ ನೀರಿನಲ್ಲಿ ಮೀಯುತ್ತ ಬೆಳೆದವನು. ಲೋಕದಲ್ಲಿ ಎತ್ತುಗಳು ಹಿಂದಕ್ಕೆ ನಡೆಯುವುದಿಲ್ಲ, ನಮ್ಮ ತೋಟದಲ್ಲಿ ಮಾತ್ರ ನಡೆಯುತ್ತವೆ ಎಂಬುದು ಒಮ್ಮೆಯೂ ನನ್ನ ಲಕ್ಷ್ಯಕ್ಕೆ ಬಂದಿರಲಿಲ್ಲ.

ತಿಪ್ಪಣ್ಣ ನಮ್ಮ ತೋಟದ ಮೋಟ ಹೊಡೆಯುವವನು. ಮಳೆ ಶುರುವಾಗಿ ಬಾವಿಯ ಕೆಲಸ ನಿಂತಿತ್ತು. ಅವ್ವ ಹೇಳಿಕಳಿಸಿದಂತೆ ಮರುದಿನ ಅವನು ಎರಡು ಎತ್ತು, ಮೋಟದ ದಪ್ಪ ಮಿಣಿ ಹಗ್ಗ ತೆಗೆದುಕೊಂಡು ಬಂದ. ಎತ್ತುಗಳೆಂದರೆ ಎಂಥವು! ಒಂದಕ್ಕೆ ಅರ್ಧ ಕೋಡು, ಇನ್ನೊಂದಕ್ಕೆ ಹೆಗಲಲ್ಲಿ ಹಳೆಯ ಗಾಯದ ಗಡ್ಡೆ. ಅಪ್ಪನ ದೇವಣಿಗಳ ಪಕ್ಕದಲ್ಲಿ ನಿಂತಾಗ ಮದುವೆ ಮನೆಗೆ ತಪ್ಪಿ ಬಂದ ಬಡ ಸಂಬಂಧಿಕರಂತೆ ಕಂಡವು.

"ಅಕ್ಕಾ, ಇವು ಬಂಡಿ ಕಂಡಿಲ್ಲ. ಬಾವಿ ಒಂದೇ ಗೊತ್ತು," ಎಂದ ತಿಪ್ಪಣ್ಣ.

"ಹೊಳೀನೇ ಬಾವಿ ಅಂತ ತಿಳಕೋ. ದೋಣೀನೇ ಮೋಟ," ಎಂದಳು ಅವ್ವ. "ಬಾವ್ಯಾಗ ಇಳಸ್ದಂಗ ಇಳಸು."

ತಿಪ್ಪಣ್ಣ ಗಾಡಿಯ ಹಿಂಬದಿಗೆ ಹೋಗಿ ನೋಡಿ, "ಹಾಂ," ಎಂದ. ಆ 'ಹಾಂ'ನಲ್ಲಿ ಇದ್ದಷ್ಟು ಪದಾರ್ಥ ವಿಜ್ಞಾನ ನನ್ನ ನಾಲ್ಕು ಪುಸ್ತಕಗಳಲ್ಲಿ ಇರಲಿಲ್ಲ.

ಅವ್ವ ಇನ್ನೊಂದು ಕೆಲಸ ಮಾಡಿಸಿದಳು. ದೋಣಿಯನ್ನು ಗಾಡಿಯ ಮೇಲೆ ತಿರುಗಿಸಿ ಇಡಿಸಿದಳು. ಭಾರದ ಹಿಂಭಾಗ ಮುಂದಕ್ಕೆ, ಮೂತಿ ಹಿಂದಕ್ಕೆ. ಈಗ ಮೂಕಿಮರ ನೆಲ ಬಿಟ್ಟು ಏಳಲಿಲ್ಲ. ನೊಗದ ಮೇಲೆ ಹದವಾದ ಭಾರ ಕುಳಿತಿತು. "ಕೊಡ ಹೊತ್ತಾಗ ಹಿಂದಕ್ಕ ವಾಲಿದ್ರ ಕೊರಳು ಉಳೀತದೇನು?" ಎಂದಳು ನನಗೆ. ಅದಷ್ಟೇ ಅವಳು ಆ ದಿನ ನನಗೆ ಮಾಡಿದ ಪಾಠ.

ಅಪ್ಪನ ಮನಸ್ಸು ನೋಯಬಾರದೆಂದು ದೇವಣಿಗಳನ್ನೇ ಮುಂದೆ ಹೂಡಿಸಿದಳು. "ಎಳಿಲಾಕ ನಿಮ್ಮವೇ ಬೇಕು," ಎಂದಳು. ಅಪ್ಪ ಗಂಟೆಗಳನ್ನು ಒರೆಸಿ ಹೊಳಪು ಮಾಡಿದ. ನನಗೂ ಒಂದು ಕೆಲಸ ಸಿಕ್ಕಿತು. ಸೈಕಲ್ಲಿನ ಮೇಲೆ ಮುಂದೆ ಹೋಗಿ ಎದುರು ಬರುವ ಬಂಡಿಗಳನ್ನು ಬದಿಗೆ ಸರಿಸುವುದು. ಕೈಯಲ್ಲಿ ಒಂದು ಕೆಂಪು ಅರಿವೆ. ಹೀಗೆ ಮೆರವಣಿಗೆ ಹೊರಟಿತು. ಮುಂದೆ ಶೇರ್ವಾನಿ ತೊಟ್ಟ ನಾನು, ಆಮೇಲೆ ಗಂಟೆ ಕಟ್ಟಿದ ದೇವಣಿಗಳು, ಆಮೇಲೆ ಹಿಂದುಮುಂದಾದ ದೋಣಿ, ಎಲ್ಲಕ್ಕಿಂತ ಹಿಂದೆ ಹಗ್ಗ ಹೊತ್ತ ಆ ಎರಡು ಮುರುಕು ಎತ್ತು, ತಿಪ್ಪಣ್ಣ, ಅವ್ವ. ದಾರಿಯ ಊರುಗಳವರು ಮೊದಲು ನನಗೆ ಕೈ ಮುಗಿದರು, ಆಮೇಲೆ ದೋಣಿ ನೋಡಿ ನಕ್ಕರು. "ಯಾಕ್ರಿ ಸಾಹೇಬ್ರ, ದೋಣಿ ಗಂಡನ ಮನಿಗಿ ಹೊಂಟದೇನು, ಮಾರಿ ಹಿಂದಕ ತಿರುವ್ಯಾದ?" ಎಂದಳು ಬಾವಿಕಟ್ಟೆಯ ಮೇಲಿನ ಒಬ್ಬಾಕೆ. ನಾನು ಸೈಕಲ್ಲು ಜೋರಾಗಿ ತುಳಿದೆ.

ಎರಡನೆಯ ದಿನ ಹೊತ್ತೇರುವ ಮೊದಲು ಇಳಿಜಾರಿನ ತಲೆಗೆ ಬಂದೆವು. ಕೆಳಗೆ ಹೊಳೆ ಕಾಣುತ್ತಿತ್ತು. ನೀರು ಆಗಲೇ ಕೆಂಪಾಗಿತ್ತು. ಸಣ್ಣಗೆ ಮಳೆ ಶುರುವಾಯಿತು. ತಿಪ್ಪಣ್ಣ ಗಾಡಿಯ ಹಿಂಬದಿಗೆ ಮಿಣಿ ಕಟ್ಟಿದ. ಇನ್ನೊಂದು ತುದಿಯನ್ನು ಮೋಟದ ಎತ್ತುಗಳ ನೊಗಕ್ಕೆ ಬಿಗಿದ. ಎತ್ತುಗಳ ಮುಖ ಮೇಲಕ್ಕೆ, ನಾವು ಬಂದ ದಾರಿಯ ಕಡೆಗೆ, ಬೆನ್ನು ಹೊಳೆಗೆ. ತೋಟದಲ್ಲಿ ಬಾವಿಗೆ ಬೆನ್ನು ಮಾಡಿ ನಿಲ್ಲುತ್ತಿದ್ದ ಹಾಗೆಯೇ.

ನಾನು ಸೈಕಲ್ಲು ನೂಕಿಕೊಂಡು ಮೊದಲು ಇಳಿದು ಕೆಳಗಿನ ತಿರುವಿನಲ್ಲಿ ನಿಂತೆ. ಮುಂದೆ ಆದದ್ದನ್ನು ಕೆಳಗಿನಿಂದ ನೋಡಿದೆ. ಅರ್ಧ ದಾರಿಯವರೆಗೆ ಎಲ್ಲ ಸರಿಯಿತ್ತು. ಅಲ್ಲಿ ದೇವಣಿಗಳಲ್ಲಿ ಒಂದರ ಕಾಲು ಜಾರಿತು. ಗಂಟೆಗಳು ಒಮ್ಮೆಲೇ ಗಲಗಲ ಎಂದವು. ಗಾಡಿ ಮುಂದಕ್ಕೆ ನುಗ್ಗಿತು, ಎತ್ತುಗಳು ಬೆದರಿ ಓಡಲು ನೋಡಿದವು. ಅಪ್ಪ ಮೂಗುದಾರ ಹಿಡಿದು ಜೋತುಬಿದ್ದ; ಅವನ ಪಾದಗಳು ಕೆಸರಿನಲ್ಲಿ ಗೀರೆಳೆಯುತ್ತ ಬಂದವು.

ಹಿಂದಿನಿಂದ ತಿಪ್ಪಣ್ಣನ ಕೂಗು ಕೇಳಿಸಿತು. ಬಾವಿಯಲ್ಲಿ ಮೋಟ ಇಳಿಸುವಾಗ ಕೂಗುವ ಅದೇ ಕೂಗು, ಉದ್ದಕ್ಕೆ, ಅವಸರವಿಲ್ಲದೆ. ಮಿಣಿ ಬಿಗಿದು ತಂತಿಯಂತಾಯಿತು, ಅದರಿಂದ ನೀರು ಸಿಡಿಯಿತು. ಆ ಎರಡು ಎತ್ತುಗಳು ತಲೆ ತಗ್ಗಿಸಿ ಮುಂಗಾಲು ಊರಿ ನಿಂತವು. ಬೆದರಲಿಲ್ಲ, ಹಿಂತಿರುಗಿ ನೋಡಲಿಲ್ಲ. ಆಮೇಲೆ ಹಿಂದಕ್ಕೆ ಒಂದು ಹೆಜ್ಜೆ. ನಿಂತವು. ಇನ್ನೊಂದು ಹೆಜ್ಜೆ. ಅವುಗಳ ಪಾಲಿಗೆ ಅದು ದಿನದ ಕೆಲಸ. ಈ ಸಲ ಮೋಟ ಸ್ವಲ್ಪ ಭಾರ, ಬಾವಿ ಸ್ವಲ್ಪ ಆಳ, ಅಷ್ಟೇ.

ಅವ್ವ ಗಾಲಿಯ ಪಕ್ಕದಲ್ಲೇ ಇಳಿಯುತ್ತಿದ್ದಳು. ಕೈಯಲ್ಲಿ ಜಾಲಿ ಮರದ ತುಂಡು. ಎತ್ತುಗಳು ನಿಂತಾಗಲೆಲ್ಲ ಬಗ್ಗಿ ಗಾಲಿಯ ಮುಂದೆ ಅದನ್ನು ಕೊಡುತ್ತಿದ್ದಳು, ಮತ್ತೆ ತೆಗೆಯುತ್ತಿದ್ದಳು. "ದೂರ ಸರಿ!" ಎಂದು ಅಪ್ಪ ಕೂಗಿದ. "ನೀವು ಮುಂದ ನೋಡ್ರಿ!" ಎಂದು ಅವಳು ಕೂಗಿದಳು. ಅವ್ವ ಅಪ್ಪನಿಗೆ ಜೋರು ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಅಪ್ಪ ಮುಂದೆ ನೋಡಿದ.

ನನ್ನ ಕಣ್ಣಲ್ಲಿ ನಿಂತಿರುವ ಚಿತ್ರದಲ್ಲಿ ಅವ್ವನ ಬಲಗೈಯಲ್ಲಿ ಮರದ ತುಂಡು, ಎಡ ಬಗಲಲ್ಲಿ ಖಣದ ಗಂಟು. ಗಂಗವ್ವ ಇದನ್ನು ಒಪ್ಪುವುದಿಲ್ಲ. "ಖಣ ಮಳ್ಯಾಗ ತೋಯಿಸ್ತಾಳೇನೋ ಅವ್ವ? ದೋಣಿ ಒಳಗ ಇಟ್ಟಿದ್ಳು. ನನಗ ಉಡಿ ತುಂಬಿದಾಗ ಒಣಗೇ ಇತ್ತು," ಎನ್ನುತ್ತಾಳೆ. ಸರಿಯೇ ಇರಬೇಕು. ಅಂಗಡಿಯ ಮುಂದಿನ ಅವ್ವನನ್ನೂ ಇಳಿಜಾರಿನ ಅವ್ವನನ್ನೂ ನನ್ನ ನೆನಪು ಒಂದೇ ಮಾಡಿಟ್ಟಿದೆ. ಗಂಟನ್ನು ಬಗಲಿನಿಂದ ತೆಗೆದು ನೋಡಲು ಪ್ರಯತ್ನಿಸಿದೆ. ಬರುವುದಿಲ್ಲ. ಇರಲಿ.

ಗಾಡಿ ಕೆಳಗಿಳಿದು ಎರೆ ನೆಲ ಮುಟ್ಟಿದಾಗ ಯಾರೂ ಜಯಕಾರ ಹಾಕಲಿಲ್ಲ. ತಿಪ್ಪಣ್ಣ ಮಿಣಿ ಬಿಚ್ಚಿ ಎತ್ತುಗಳ ಹೆಗಲು ತಿಕ್ಕಿದ. ಅವ್ವ ಬುತ್ತಿ ಗಂಟು ಬಿಚ್ಚಿದಳು. ಮೊದಲ ರೊಟ್ಟಿಯನ್ನು ಎರಡು ತುಂಡು ಮಾಡಿ ಅರ್ಧ ಕೋಡಿನದಕ್ಕೆ ಒಂದು, ಗಡ್ಡೆಯದಕ್ಕೆ ಒಂದು ತಿನ್ನಿಸಿದಳು. ಅಪ್ಪ ನೋಡಿದ. ಎದ್ದು ಹೋಗಿ ತನ್ನ ದೇವಣಿಯ ಕೊರಳಿನಿಂದ ಒಂದು ಗಂಟೆ ಬಿಚ್ಚಿ ತಂದು, ಅರ್ಧ ಕೋಡಿನ ಎತ್ತಿಗೆ ಕಟ್ಟಿದ. ಅಪ್ಪನಿಂದ ಅದಕ್ಕಿಂತ ದೊಡ್ಡ ಮರ್ಯಾದೆ ನಮ್ಮಲ್ಲಿ ಯಾರಿಗೂ ಸಿಕ್ಕಿಲ್ಲ. ನನಗಂತೂ ಇಲ್ಲ, ಪದವಿ ಪಡೆದು ಬಂದಾಗಲೂ.

ಕೆಲವು ದಿನಗಳ ಮೇಲೆ ಅವ್ವ ಅದೇ ದೋಣಿಯಲ್ಲಿ ಆಚೆ ಹೋಗಿ ಕುಬಸ ಮಾಡಿ ಮಗಳನ್ನು ಕರೆತಂದಳು. ಆಗ ಹೊಳೆ ಎರಡೂ ದಡ ತುಂಬಿ ಹರಿಯುತ್ತಿತ್ತು. ಗಂಗವ್ವ ಬಲಮೈಯ ಆ ಗೀರಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದಳು. ಈಚೆ ದಡದಲ್ಲಿ ನಿಂತಿದ್ದ ನನ್ನನ್ನು ನೋಡಿ ಅಷ್ಟು ದೂರದಿಂದಲೇ ಕೂಗಿದಳು, "ಅಣ್ಣಾ, ಹಾಲಿನ ಹೊಳಿ ದಾಟಿದಿ ಅಂತಲ್ಲೋ!" ಶ್ರಾವಣ ಮುಗಿಯುವ ಹೊತ್ತಿಗೆ ಗಂಡುಮಗು ಹುಟ್ಟಿತು. ಹೆರಿಗೆ ಸುಲಭದ್ದಾಗಿರಲಿಲ್ಲ. ಸೂಲಗಿತ್ತಿ ಒಂದು ಹಗಲು ಪೂರ್ತಿ ಒಳಗಿದ್ದಳು. ಬಾಗಿಲ ಹೊರಗೆ ಅಪ್ಪ, ನಾನು ಕುಳಿತಿದ್ದೆವು. ಇದೇ ಹೆರಿಗೆ ಹೊ‍ಳೆಯ ಆಚೆ ಆಗಿದ್ದರೆ ಎಂದು ಇಬ್ಬರೂ ಯೋಚಿಸುತ್ತಿದ್ದೆವು.

ಆ ಮಗುವೇ ಶಿವರಾಜ. ದೋಣಿ ಎಳೆಯಲು ಯಾವ ಗಾಡಿ ಎಂದು ಈಗ ನನ್ನನ್ನು ಕೇಳುತ್ತಿರುವವನು.

ಹಾಗಾದರೆ 'ದೋಣಿ ತಂದ ಮಾಮಾ' ಎಂಬ ಹೆಸರು ನನಗೆ ಹೇಗೆ ಬಂತು? ನಾನೇ ಹೇಳಿಕೊಂಡಿರಬೇಕು. ಮೊದಲು ಡೈರಿಗೆ ಹೇಳಿದೆ, ಆಮೇಲೆ ಹೈದರಾಬಾದಿನ ಗೆಳೆಯರಿಗೆ, ಆಮೇಲೆ ಮಡಿಲಲ್ಲಿ ಕೂತ ಶಿವರಾಜನಿಗೆ. ಹಾಲಿನ ಪಾತ್ರೆಯನ್ನು ಬಿಟ್ಟು ಹೇಳಿದೆ. ಆಮೇಲೆ ಖಾಜಾನನ್ನು ಬಿಟ್ಟೆ, ತಿಪ್ಪಣ್ಣನನ್ನು ಬಿಟ್ಟೆ. ಕೊನೆಗೆ ಅವ್ವನೂ ಕಥೆಯಿಂದ ಇಳಿದುಹೋದಳು. ಅವ್ವ ಬದುಕಿರುವಾಗ ನಾನು ಹೀಗೆ ಹೇಳುವುದನ್ನು ಒಮ್ಮೆಯಾದರೂ ಕೇಳಿರಬೇಕು. ಅಪ್ಪನ ದೇವಣಿಗಳನ್ನು ಮುಂದೆ ಹೂಡಿಸಿದವಳು ನನ್ನನ್ನೂ ಮುಂದೆ ನಡೆಯಲು ಬಿಟ್ಟಳು.

ಕಾಗದ ಬಂದ ವಾರವೇ ಶಿವರಾಜನಿಗೆ ಉತ್ತರ ಬರೆದೆ. ಯಾವ ಗಾಡಿ ಎಳೆಯುತ್ತದೆ ಎಂದು ಕೇಳಬೇಡ, ಯಾವುದು ನಿಲ್ಲುತ್ತದೆ ಎಂದು ಕೇಳು. ಎಳೆಯುವುದು ಎಳೆಸಿಕೊಳ್ಳುವುದಕ್ಕಿಂತ ಭಾರವಾಗಿರಲಿ. ದೋಣಿಯ ಭಾರ ಗಾಲಿಗಳಿಂದ ಸ್ವಲ್ಪ ಮುಂದಕ್ಕೆ ಕೂರಲಿ. ಹಿಂದಕ್ಕೆ ಜೋತರೆ ಅದು ಬಾಲ ಬೀಸುತ್ತದೆ, ಹತ್ತಿರದ ಹೋಟೆಲಿನವರಿಗೆ ಮೊದಲೇ ತಿಳಿಸಿಡು. ಇಳಿಜಾರಿಗೆ ಬರುವ ಮೊದಲು ಸಮ ನೆಲದಲ್ಲಿ ನಿಲ್ಲಿಸಿ ನೋಡು. ಚಾಲಕನಿಗೆ ಆ ದಾರಿಯಲ್ಲಿ ಎಷ್ಟು ಸಲ ಇಳಿದಿದ್ದೀ ಎಂದು ಕೇಳು. ಇಲ್ಲ ಎನ್ನುವವನಾದರೆ ಅವನಿಗೆ ಕೈ ಮುಗಿದು ಬೇರೆಯವನನ್ನು ಹುಡುಕು. ಇದನ್ನೆಲ್ಲ ಹೇಳುತ್ತಿರುವವನು ನಾನಲ್ಲ, ನಿನ್ನ ಅಜ್ಜಿ. ಆ ದೋಣಿಯನ್ನು ತಂದವಳು ಅವಳು. ಆ ದೋಣಿ ತಂದದ್ದು ನಿನ್ನನ್ನು.

ಇವತ್ತು ಅವನ ಮರುಕಾಗದ ಬಂದಿದೆ. ಕಾರ್ಡಿನ ಮೇಲೆ ನಾಲ್ಕೇ ಸಾಲು. ಜೀಪು ಬಿಟ್ಟು ಟ್ರ್ಯಾಕ್ಟರು ಗೊತ್ತು ಮಾಡಿದನಂತೆ. ಅದರ ಚಾಲಕ ನಾರಾಯಣಖೇಡದ ಕಡೆಯವನು, ನಿಲ್ತದೇನಪ್ಪಾ ಎಂದು ಕೇಳಿದ್ದಕ್ಕೆ 'ಇದೇ ಮೊದಲ ಸಲ ಒಬ್ಬರು ಸರಿಯಾದ್ದು ಕೇಳಿದ್ರಿ' ಎಂದನಂತೆ. ದೋಣಿ ನೀರಿಗಿಳಿದಿದೆ. ಕೊನೆಯ ಸಾಲು, 'ಅಜ್ಜಿಯ ಹೆಸರನ್ನು ದೋಣಿಯ ಮೇಲೆ ಬರೆಸಬೇಕೆಂದಿದ್ದೆ, ಸರ್ಕಾರಿ ದೋಣಿ, ಬರುವುದಿಲ್ಲ.'

ಬರದಿದ್ದರೆ ಬೇಡ. ಹೆಸರು ಬರೆಯಬೇಕಾದ ಜಾಗ ನನ್ನ ಹತ್ತಿರವೇ ಇದೆ. ಡೈರಿಯ ಆ ಪುಟ ತೆಗೆದು, ಉರ್ದುವಿನ ಸಾಲಿನ ಕೆಳಗೆ ಖಾಲಿಯಿದ್ದ ಕಡೆ ಕನ್ನಡದಲ್ಲಿ ಬರೆದೆ: 'ಗಾಡಿ ಆರಿಸಿದವಳು ನನ್ನ ಅವ್ವ, ನೀಲವ್ವ.' ಮೇಲಿನ ಸಾಲು ಬಲದಿಂದ ಎಡಕ್ಕೆ ಎಳೆಯುತ್ತದೆ, ಕೆಳಗಿನದು ಎಡದಿಂದ ಬಲಕ್ಕೆ. ಹಳೆಯ ಸುಳ್ಳನ್ನು ಹೊಡೆದು ಹಾಕಲಿಲ್ಲ. ಅದು ಗಂಟೆ ಕಟ್ಟಿಕೊಂಡು ಮುಂದೆಯೇ ಇರಲಿ. ಹಿಂದಿನಿಂದ ಹಿಡಿದು ನಿಲ್ಲಿಸಲು ಈಗ ಒಂದು ಸಾಲು ಇದೆ. ಈ ಸಲ ಸಹಿ ಹಾಕಲಿಲ್ಲ.